ಖಂಡೆ ಪೂಜೆಯ ದಿನದ ಕರೆಂಟು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವ ಆಸಾಮಿ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಹಂಸಭಾವಿಯಲ್ಲಿ ಕೆಲಸದಲ್ಲಿದ್ದಾಗ ಊರಿಗೆ ಬಂದ ಒಬ್ಬ ಬಾಬಾ ನಿಂಬೆಹಣ್ಣು ಕೊಯ್ದು ರಕ್ತ ತೋರಿಸಿ ಹೆಣ್ಣುಮಕ್ಕಳನ್ನು ಹೆದರಿಸಿದ್ದ. ಮರುದಿನ ಅದೇ ಕಟ್ಟೆಯ ಮೇಲೆ ನಿಂತು, ಚಾಕುವಿಗೆ ಏನು ಹಚ್ಚಿದರೆ ನಿಂಬೆಹಣ್ಣು ಕೆಂಪಾಗುತ್ತದೆ ಎಂದು ಮಾಡಿ ತೋರಿಸಿ ಬಂದವನು ನಾನು. ದೆವ್ವ ಕಂಡೆ ಅಂದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಎಲ್ಲಿ ಕಂಡಿತು, ಎಷ್ಟು ದೂರದಲ್ಲಿ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಅಂತ ಒಂದೊಂದೇ ಕೇಳುತ್ತ ಹೋದರೆ ದೆವ್ವ ತಾನಾಗಿಯೇ ಕರಗುತ್ತಿತ್ತು. ಓಣಿಯವರು ಚಾಷ್ಟಿ ಮಾಡುತ್ತಿದ್ದರು: "ಮಾಸ್ತರ ಮುಂದ ದೆವ್ವದ ಸುದ್ದಿ ತಗೀಬ್ಯಾಡ್ರಪಾ, ಅದಕ್ಕೂ ಪರೀಕ್ಷಾ ಇಡ್ತಾರ."

ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಚಹಾ ಕುಡಿಸಿ, ನಕ್ಕು ಕಳಿಸುತ್ತಿದ್ದೆ. ನೀವೂ ನಗಬಹುದು, ನನಗೇನೂ ಬೇಸರವಿಲ್ಲ. ಆದರೆ ಪೂರ್ತಿ ಕೇಳಿ. ಎಲ್ಲಾದರೂ ನಾನು ಎಡವಿದ್ದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹೇಳಿ. ಇದನ್ನು ಬಾಯಿಮಾತಿಗೆ ಅನ್ನುತ್ತಿಲ್ಲ. ಆ ತಪ್ಪು ಸಿಕ್ಕರೆ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತದೆ.

ನನ್ನ ಹೆಂಡತಿ ಗಿರಿಜೆಯ ತವರು ಸವಣೂರು ತಾಲೂಕಿನ ಹತ್ತಿಮತ್ತೂರು. ಆಕೆಗೆ ದೊಡ್ಡ ದನಿ. ಮದುವೆಯಾದ ಹೊಸತರಲ್ಲಿ ನನಗೆ ಅದರಿಂದ ಮುಜುಗರವೇ ಆಗುತ್ತಿತ್ತು. ಅಡುಗೆಮನೆಯಿಂದ ಕರೆದರೆ ಮೂರನೆಯ ಮನೆಯವರು "ಮಾಸ್ತರ, ಊಟಕ್ಕ ಕರ್ಯಾಕತ್ತಾರ ನೋಡ್ರಿ" ಅಂತ ನನಗೆ ಸುದ್ದಿ ಮುಟ್ಟಿಸುತ್ತಿದ್ದರು. ಹಾಡೂ ಹಾಗೇ. ಯಾರ ಮನೆಯ ತೊಟ್ಟಿಲ ಕಾರ್ಯವಿರಲಿ, ಆರತಿಯಿರಲಿ, ಗಿರಿಜವ್ವ ಬಂದಳೇನು ಅಂತ ಮೊದಲು ಕೇಳುತ್ತಿದ್ದರು. ಬಟ್ಟೆ ಹೊಲಿಯುವಾಗ ಮಷಿನ್ನಿನ ಸಪ್ಪಳಕ್ಕೆ ತಕ್ಕ ಹಾಗೆ ತಾನೇ ಕಟ್ಟಿಕೊಂಡು ಹಾಡುತ್ತಿದ್ದಳು. ಅದರಲ್ಲಿ ನಮ್ಮೆಲ್ಲರ ಹೆಸರೂ ಬರುತ್ತಿದ್ದವು, ನಾನು ಚಶ್ಮಾ ಎಲ್ಲಿಟ್ಟೆನೆಂದು ಮರೆಯುವುದೂ ಬರುತ್ತಿತ್ತು.

ಆ ದನಿ ಗೊಗ್ಗರಾಯಿತು. ನೆಗಡಿ ಅಂದುಕೊಂಡೆವು, ಕಷಾಯ ಮಾಡಿ ಕುಡಿಸಿದೆವು. ಕೊನೆಗೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ನನ್ನನ್ನೊಬ್ಬನನ್ನೇ ಒಳಗೆ ಕರೆದು, ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ, ಜೀವ ಉಳಿಯಬೇಕೆಂದರೆ ಆ ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಮೇಲೆ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದಲೇ ಉಸಿರಾಟ. ಮಾತು ಇನ್ನಿಲ್ಲ. ನಾನು ಹೊರಗೆ ಬಂದು ಹೇಗೆ ಹೇಳಲಿ ಅಂತ ತಡವರಿಸುತ್ತಿದ್ದರೆ ಅವಳೇ, "ನಿಮ್ಮ ಮಾರಿ ನೋಡೇ ತಿಳೀತು ಬಿಡ್ರಿ. ಇನ್ನ ನಿಮಗ ಬೈಯೋರು ಯಾರು?" ಅಂದಳು. ಆಗ ನಮ್ಮ ಮಗಳು ಸುಮಾ ಬಸುರಿ. ಶಿಗ್ಗಾಂವಿಯ ಗಂಡನ ಮನೆಯಲ್ಲಿದ್ದಳು. ಮೊದಲ ಮೊಮ್ಮಗು ಹುಟ್ಟುವ ಹೊತ್ತಿಗೆ ಅಜ್ಜಿಗೆ ದನಿಯೇ ಇರುವುದಿಲ್ಲ ಎಂಬುದನ್ನು ನೆನೆದು ಆ ದಿನ ಬಸ್ಸಿನಲ್ಲಿ ಹಾವೇರಿಯ ತನಕ ಇಬ್ಬರೂ ಅತ್ತೆವು.

ದನಿ ತುಂಬಿಡುವ ಯೋಚನೆ ನನಗೆ ಬಂದದ್ದು ಆಮೇಲೆ. ನಿವೃತ್ತಿಯಾದ ಮೇಲೆ ಹಿರೇಕೆರೂರಿನ ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೆ, ಮಕ್ಕಳಿಗಾಗಿ ಸಣ್ಣ ಸಣ್ಣ ಪ್ರಯೋಗಗಳನ್ನು ಬರೆಯಬೇಕೆಂದು. ಒಂದು ಒಳ್ಳೆಯ ಮೈಕು ತಂದು ಅದಕ್ಕೆ ಜೋಡಿಸಿದೆ. ಆಪರೇಷನ್ನಿಗೆ ಹೋಗುವ ಮೊದಲಿನ ದಿನಗಳಲ್ಲಿ ಗಿರಿಜೆ ಅದರ ಮುಂದೆ ಕೂತು ಆ ಒಡಕು ದನಿಯಲ್ಲೇ ಮಾತಾಡಿದಳು. ಜೋಗುಳ ಹಾಡಿದಳು. ಮಗುವಿಗೆ ಕಾಡಿಗೆ ಹೇಗೆ ತೆಗೆಯಬೇಕು, ಹೊಟ್ಟೆನೋವಿಗೆ ಏನು ತೇಯ್ದು ಹಾಕಬೇಕು ಅಂತ ಸುಮಾಳಿಗೆ ಹೇಳಿದಳು. ಹುಟ್ಟದ ಕೂಸಿಗೆ, ನಾ ನಿನ್ನ ಆಯಿ, ನಿಮ್ಮವ್ವನ ಅವ್ವ, ನಾ ಹಿಂಗ ಮಾತಾಡ್ತಿದ್ನಿ, ಅಂದಳು. ಪ್ರತಿ ಸಲ ಶುರುವಿನಲ್ಲಿ, "ಏನ್ರೀ, ಇದು ಚಾಲೂ ಆತೇನು?" ಎಂಬ ಒಂದು ಮಾತು ಇದ್ದೇ ಇರುತ್ತಿತ್ತು.

ಈಗ ಯುಪಿಎಸ್ಸಿನ ವಿಷಯ. ನಮ್ಮ ಕಡೆಯ ಕರೆಂಟು ಹೇಗೆ ಅಂತ ನಿಮಗೆ ಗೊತ್ತಿಲ್ಲದ್ದಲ್ಲ. ಗೋವಿನಜೋಳಕ್ಕೆ ನೀರು ಬಿಡುವಾಗ ಪಂಪುಗಳೆಲ್ಲ ಎದ್ದವೆಂದರೆ ಮನೆಯ ಬಲ್ಬು ಮಂಕಾಗುತ್ತದೆ, ಅವು ನಿಂತವೆಂದರೆ ಕಣ್ಣು ಕುಕ್ಕುವಂತೆ ಉರಿಯುತ್ತದೆ. ಒಮ್ಮೆ ಹಾಗೆ ಉರಿದು ನಮ್ಮ ಟಿವಿ ಸುಟ್ಟುಹೋಗಿತ್ತು. ಅದಕ್ಕೇ ನಾನು ಕಂಪ್ಯೂಟರಿಗಿಂತ ಮೊದಲು ಯುಪಿಎಸ್ ಆರಿಸಿದವನು. ಅದೊಂದು ಕಪ್ಪು ಡಬ್ಬಿ, ಒಳಗೆ ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ. ಕರೆಂಟು ಇದ್ದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ, ಕರೆಂಟು ಹೋದ ಕ್ಷಣ ಕಂಪ್ಯೂಟರನ್ನು ತಾನು ಹಿಡಿದುಕೊಂಡು ಟೀಂ ಟೀಂ ಎಂದು ಕೂಗುತ್ತದೆ. ಮಾಡಿದ ಕೆಲಸ ಉಳಿಸಿಕೊಂಡು ಕ್ರಮವಾಗಿ ಬಂದ್ ಮಾಡಲು ಅಷ್ಟು ಪುರುಸೊತ್ತು ಕೊಡುತ್ತದೆ, ಹೆಚ್ಚಿಗೇನಿಲ್ಲ. ಕಂಪ್ಯೂಟರ್ ಕೊಂಡು ಯುಪಿಎಸ್ ಕೊಳ್ಳದವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಸಿಕ್ಕಸಿಕ್ಕವರಿಗೆ ಇದನ್ನು ಪಾಠ ಮಾಡುತ್ತಿದ್ದೆ. ನಮ್ಮ ಬ್ಯಾಟರಿ ಸ್ವಲ್ಪ ಹಳೆಯದಾಗಿತ್ತು; ಕರೆಂಟು ಹೋದರೆ ಒಂದು ಕಪ್ಪು ಚಹಾ ಕುಡಿದು ಮುಗಿಸುವಷ್ಟು ಹೊತ್ತು ತಡೆಯುತ್ತಿತ್ತು.

ಆಪರೇಷನ್ ಆಯಿತು. ಗಿರಿಜೆ ಬದುಕಿ ಮನೆಗೆ ಬಂದಳು. ಕುತ್ತಿಗೆಗೆ ಸದಾ ಒಂದು ತೆಳು ಬಿಳಿ ಬಟ್ಟೆ. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು, ಉಳಿದದ್ದನ್ನು ತುಟಿಯಲ್ಲಿ, ಕೈಯಲ್ಲಿ ಹೇಳುತ್ತಿದ್ದಳು. ಸುಮಾ ಹೆರಿಗೆಗೆ ಬಂದಳು, ಗಂಡುಮಗುವಾಯಿತು. ದಸರೆ ಮುಗಿದ ಕೂಡಲೇ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತಾಯಿತು. ಆ ದಿನ ಕಂಪ್ಯೂಟರಿನಿಂದ ಅಜ್ಜಿಯ ಜೋಗುಳ ಕೇಳಿಸಬೇಕು ಅನ್ನುವುದು ಸುಮಾಳ ಆಸೆ. ಗಿರಿಜೆಯ ಆಸೆ ಇನ್ನೂ ಹೆಚ್ಚು. ಬಾಯಿಬಿಟ್ಟು ಹೇಳಲಾರದವಳ ಮುಖ ಸುಳ್ಳು ಹೇಳುವುದಿಲ್ಲ.

ಖಂಡೇನವಮಿಯ ಹಿಂದಿನ ಸಂಜೆ ಸುಮಾ, "ಅಪ್ಪಾ, ಒಮ್ಮೆ ಹಚ್ಚು, ಕೇಳೂಣು" ಅಂದಳು. ಹಚ್ಚಿದೆ. ಹಾಡು ಎರಡು ಸಾಲು ಬಂದು ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಕಂಪ್ಯೂಟರಿನ ಒಳಗಿನಿಂದ ಕಟ್ ಕಟ್ ಎಂದು ಯಾರೋ ಹಲ್ಲು ಕಡಿದಂಥ ಸಪ್ಪಳ. ಅವಳ ದನಿ ಇದ್ದದ್ದೆಲ್ಲ ಅದರೊಳಗಿನ ಆ ಒಂದೇ ಡಿಸ್ಕಿನಲ್ಲಿ. ಬೇರೆ ಕಡೆ ಹಾಕಿಡಬೇಕು ಎನ್ನುತ್ತಲೇ ಆಸ್ಪತ್ರೆ, ಹೆರಿಗೆ, ಬಾಣಂತನದಲ್ಲಿ ದಿನ ಸರಿದಿದ್ದವು. ಹೆದರಿ ಬಂದ್ ಮಾಡಿದೆ.

ಮರುದಿನ ಬೆಳಿಗ್ಗೆ ಚೆಂಡುಹೂವು, ಕುಂಬಳಕಾಯಿ ತರಲು ಪೇಟೆಗೆ ಹೋದವನು ಅಲ್ಲಿಂದಲೇ ರಿಪೇರಿ ಮಾಡುವ ಮಂಜುನಾಥನಿಗೆ ಫೋನ್ ಮಾಡಿದೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ಈಗ ಊರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. "ಇವತ್ತ ಬರಾಕ ಆಗಂಗಿಲ್ರಿ ಸರ್," ಅಂದ. "ಸ್ಕ್ರೂಡ್ರೈವರ್, ಮೀಟರ್ ಎಲ್ಲಾ ಪೂಜಾಕ್ಕ ಕುಂದ್ರಿಸೇನಿ. ನಾಳೆ ತನಕ ಮುಟ್ಟಿದ್ರ ನಮ್ಮವ್ವ ಮನ್ಯಾಗ ಇಟಗೊಳ್ಳಂಗಿಲ್ಲ." ನಾನು ಸಪ್ಪಳದ ವಿಷಯ ಹೇಳಿದೆ. ಅವನ ದನಿ ಬದಲಾಯಿತು. "ಅದು ಸಾಯೂ ಸಪ್ಪಳರಿ ಸರ್. ಇಂಥಾ ಡಿಸ್ಕ್ ಬಂದ್ ಮಾಡಿ ಇಟ್ರ ಒಮ್ಮೊಮ್ಮೆ ಮತ್ತ ಏಳಂಗ ಇಲ್ಲ. ನೀವಾ ಚಾಲೂ ಮಾಡಿ ಲಗೂನ ಪೆನ್‌ಡ್ರೈವಿಗೆ ತಗೊಂಡ್ಬಿಡ್ರಿ. ಆದ್ರ ನಡುವ ಕರೆಂಟ್ ಹೋಗಿ ಬಂದ್ ಆತಂದ್ರ ಮುಗೀತು. ಯುಪಿಎಸ್ ಐತಲ್ರಿ?" ಐತಿ, ಅಂದೆ. ಹೆಮ್ಮೆಯಿಂದಲೇ ಅಂದೆ.

ನಮ್ಮ ಕಡೆ ಖಂಡೆ ಪೂಜೆ ಎಂದರೆ ವರ್ಷವಿಡೀ ದುಡಿದ ಸಾಮಾನುಗಳಿಗೆ ಒಂದು ದಿನದ ಬಿಡುವು. ಕುಡುಗೋಲು, ಕೊಡಲಿ, ಈಳಿಗೆ, ಕತ್ತರಿ, ಎಲ್ಲವನ್ನೂ ತೊಳೆದು, ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚುತ್ತಾರೆ. ಮರುದಿನ ಪೂಜೆ ಮಾಡಿ ಕದಲಿಸುವ ತನಕ ಮುಟ್ಟುವಂತಿಲ್ಲ. ಪೂಜೆಯನ್ನು ನಾನು ನಂಬದಿದ್ದರೂ ಈ ಪದ್ಧತಿ ನನಗೆ ಹಿಡಿಸುತ್ತಿತ್ತು. ಆ ವರ್ಷ ಗಿರಿಜೆಯ ತಮ್ಮ ಬಸಣ್ಣ ಅಕ್ಕನನ್ನು ನೋಡಲೆಂದು ಹತ್ತಿಮತ್ತೂರಿನಿಂದ ಟ್ರ್ಯಾಕ್ಟರ್ ಹೊಡೆದುಕೊಂಡೇ ಬಂದಿದ್ದ. ಭಾರಿ ಹುರುಪಿನ ಮನುಷ್ಯ. ನಾನು ಪೇಟೆಯಿಂದ ಬರುವಷ್ಟರಲ್ಲಿ ಮನೆಯ ಸಾಮಾನನ್ನೆಲ್ಲ ತಿಕ್ಕಿ ತೊಳೆದು ಸಾಲು ಹಚ್ಚಿಬಿಟ್ಟಿದ್ದ. ಗಿರಿಜೆಯ ಹೊಲಿಗೆ ಮಷಿನ್, ನಟ್ಟು ತಿರುಗಿಸುವ ಅವನ ಪಾನಾಗಳು, ನನ್ನ ಹಳೆಯ ಮಲ್ಟಿಮೀಟರ್, ಎಲ್ಲದರ ಮೇಲೂ ಅವನೇ ಊರಿನಿಂದ ತಂದ ಹೂವಿನ ರಾಶಿ. ಎತ್ತಿಡಲಾಗದ ಕಂಪ್ಯೂಟರಿಗೆ ಇದ್ದಲ್ಲೇ ವಿಭೂತಿ ಬಳಿದು ಮಾಲೆ ಹಾಕಿದ್ದ. ನಾನು ಹೊಸ್ತಿಲಲ್ಲಿ ನಿಂತು, ಗಿರಿಜೆಯ ಸಮಾಧಾನಕ್ಕೆ ಕೈ ಮುಗಿದು ಬಂದೆ. ಸಾಲಿನಲ್ಲಿ ಏನೇನಿದೆ ಅಂತ ಬಗ್ಗಿ ನೋಡಲಿಲ್ಲ.

ಊಟವಾಯಿತು. ಹೋಳಿಗೆ ಹೊಡೆದು ಬಸಣ್ಣ ಪಡಸಾಲೆಯಲ್ಲಿ ಗೊರಕೆ ಹೊಡೆಯತೊಡಗಿದ. ನಾನು ಪಕ್ಕದ ಕೋಣೆಗೆ ಹೋಗಿ ಕಂಪ್ಯೂಟರಿನ ಮಾಲೆ ತೆಗೆದೆ. ಗಿರಿಜೆ ನೋಡಿದಳು. ಅಂಗೈ ಅಡ್ಡ ಹಿಡಿದು ಬೇಡ ಅಂದಳು. ನಾನು ಮಂಜುನಾಥ ಹೇಳಿದ್ದನ್ನು ಹೇಳಿದೆ. ಮತ್ತೆ ಬೇಡ ಅಂದಳು; ದೇವರ ಕೋಣೆಯ ಕಡೆ ಬೆರಳು ತೋರಿಸಿದಳು. ಸುಮಾ ಕೂಡ, "ಅಪ್ಪಾ, ಒಂದ ದಿನದ ಮಾತು, ಅವ್ವ ಅಷ್ಟ ಹೇಳಾಕತ್ತಾಳ" ಅಂದಳು. ನನಗೆ ರೇಗಿತು. "ನಿನ್ನ ದನಿ ಹೋಗತೈತಿ ಗಿರಿಜಾ, ದನಿ! ಪೂಜಿ ಬರೂ ವರ್ಷನೂ ಬರತೈತಿ!" ಎಂದು ಕೂಗಿಬಿಟ್ಟೆ. ಅವಳು ಕೈ ಇಳಿಸಿ ಒಳಗೆ ಹೋದಳು.

ಸ್ವಿಚ್ ಹಾಕಿದೆ. ಯುಪಿಎಸ್ಸಿನ ಹಸಿರು ದೀಪ ಹತ್ತಿತು. ಡಿಸ್ಕು ಎದ್ದಿತು. ಕಟ್ ಕಟ್ ಸಪ್ಪಳ ಇದ್ದೇ ಇತ್ತು. ಪೆನ್‌ಡ್ರೈವ್ ಚುಚ್ಚಿ, ಅವಳ ದನಿಯ ಫೈಲುಗಳನ್ನೆಲ್ಲ ಆರಿಸಿ ಕಾಪಿಗೆ ಕೊಟ್ಟೆ. ಆರೋಗ್ಯವಾಗಿದ್ದ ಡಿಸ್ಕಿಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಇದು ತೆವಳತೊಡಗಿತು. ಹೊರಗೆ ಮೋಡ ಕಟ್ಟಿತ್ತು. ಚಿತ್ತಿ ಮಳೆಯ ಕಾಲ, ಗುಡುಗು ಶುರುವಾಗಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಒಂದಿಷ್ಟು ಮುಂದೆ ಹೋಗುವುದು, ನಿಲ್ಲುವುದು. ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಒಂದು ಸಿಡಿಲು ಎಲ್ಲೋ ಹತ್ತಿರದಲ್ಲೇ ಬಡಿಯಿತು. ಫ್ಯಾನು ನಿಂತಿತು. ಬಲ್ಬು ಹೋಯಿತು. ಎದುರು ಮನೆಯ ಟಿವಿ ಸುಮ್ಮನಾಯಿತು, ಹಿಟ್ಟಿನ ಗಿರಣಿಯ ಸಪ್ಪಳವೂ ಅಡಗಿತು. ಕಿಟಕಿಯಿಂದ ಕಂಡಷ್ಟು ಓಣಿಯಲ್ಲಿ ಒಂದು ದೀಪವೂ ಇಲ್ಲ. ಮತ್ತು ನನ್ನ ಮೇಜಿನ ಕೆಳಗಿನಿಂದ ಟೀಂ, ಟೀಂ ಎಂದು ಯುಪಿಎಸ್ ಕೂಗಿತು. ಪರದೆ ಹಾಗೇ ಬೆಳಗುತ್ತಿತ್ತು. ಕಾಪಿ ನಡೆದೇ ಇತ್ತು. ಆಗ ನನಗೆ ವಿಚಿತ್ರವೇನೂ ಅನ್ನಿಸಲಿಲ್ಲ. ಅದರ ಕೆಲಸವೇ ಅದು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಬೇಕಲ್ಲಪ್ಪ ಎಂಬುದೊಂದೇ ಚಿಂತೆ.

ಮುಗಿಯಲಿಲ್ಲ. ಪಟ್ಟಿ ಅರ್ಧಕ್ಕೆ ಬಂದು ನಿಂತಿತ್ತು. ಇನ್ನು ಹೋಗುತ್ತದೆ, ಈಗ ಹೋಗುತ್ತದೆ ಅಂತ ನಾನು ಕಾಯುತ್ತಲೇ ಇದ್ದೆ. ಯುಪಿಎಸ್ ಮಾತ್ರ ಕೂಗುತ್ತಲೇ ಇತ್ತು. ಬ್ಯಾಟರಿ ಮುಗಿಯುತ್ತ ಬಂದರೆ ಕೂಗು ಅವಸರವಾಗುತ್ತದೆ. ಅದು ಅವಸರವಾಗಲಿಲ್ಲ. ಮಳೆ ಸುರಿದು, ಹಂಚಿನ ಮೇಲೆ ಆರ್ಭಟಿಸಿ, ಇಳಿಮುಖವಾಯಿತು. ಇಷ್ಟು ಹೊತ್ತು ಅದು ಹಿಂದೆಂದೂ ತಡೆದಿರಲಿಲ್ಲ.

ಯಾವಾಗಲೋ ತಿರುಗಿ ನೋಡಿದರೆ ಗಿರಿಜೆ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಕುತ್ತಿಗೆಯ ಬಟ್ಟೆಯ ಮೇಲೆ. ನನ್ನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದಳು. ಈ ಸಲ ಬೇಡ ಅನ್ನಲಿಲ್ಲ. ಕೂತುಕೋ ಅಂದೆ, ಕೂರಲಿಲ್ಲ. ಅವಳು ಉಸಿರಾಡುವ ಸುಂಯ್ ಸಪ್ಪಳ ಆ ಟೀಂ ಟೀಂ ನಡುವೆ ನನಗೆ ಕೇಳುತ್ತಿತ್ತು. ಕೊನೆಯ ಫೈಲು ಮುಗಿಯುವ ತನಕ ಹಾಗೇ ನಿಂತಿದ್ದಳು. ಮುಗಿಯಿತು. ಪೆನ್‌ಡ್ರೈವ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಕಂಪ್ಯೂಟರ್ ಕ್ರಮವಾಗಿ ಬಂದ್ ಮಾಡಿ, ಯುಪಿಎಸ್ಸಿನ ಗುಂಡಿ ಒತ್ತಿದೆ. ಕೂಗು ನಿಂತಿತು. "ಬಂತು ಗಿರಿಜಾ, ಎಲ್ಲಾ ಬಂತು" ಎಂದು ತಿರುಗಿದರೆ ಅವಳು ಬಾಗಿಲಿಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತಿದ್ದಳು. ಸುಮಾ ಓಡಿ ಬಂದು, "ಅವ್ವಾ, ಯಾಕವಾ, ಏನಾತು?" ಅಂದಳು. ಗಿರಿಜೆ ಏನಿಲ್ಲ ಎಂದು ಕೈ ಆಡಿಸಿದಳು. ತುಟಿಯಲ್ಲಿ, ದಣಿವು, ಅಂದಳು.

ಅವಳನ್ನು ಮಲಗಿಸಿ, ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಬೇಕೆಂದು ದೇವರ ಕೋಣೆಗೆ ಹೋದೆ. ನಂದಾದೀಪ ಉರಿಯುತ್ತಿತ್ತು. ಕಡ್ಡಿಪೆಟ್ಟಿಗೆಗೆ ಕೈ ಚಾಚಿದಾಗ ಹೂವು ಸರಿದವು. ಅದರಡಿಯಲ್ಲಿ, ಮಲ್ಟಿಮೀಟರಿನ ಪಕ್ಕ, ಒಂದು ಬ್ಯಾಟರಿ. ಇಟ್ಟಿಗೆಯಷ್ಟು ದೊಡ್ಡದು. ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಕೆಂಪು, ಕಪ್ಪು ಎರಡೂ ತುದಿಗಳಿಗೆ ಬೆಳ್ಳಗೆ ವ್ಯಾಸಲೀನ್ ಮೆತ್ತಿತ್ತು.

ಇದೆಲ್ಲಿಂದ ಬಂತು ಅಂತ ನಾನು ನಿಜಕ್ಕೂ ಯೋಚಿಸಿದೆ. ಬಸಣ್ಣನ ಟ್ರ್ಯಾಕ್ಟರಿನದೆನ್ನಲು ತೀರ ಸಣ್ಣದು. ಬಸಣ್ಣನನ್ನು ಅಲುಗಾಡಿಸಿ ಎಬ್ಬಿಸಿದೆ. ಅವನು ಕಣ್ಣು ತಿಕ್ಕಿಕೊಳ್ಳುತ್ತ, "ನಿಮ್ಮ ಕಂಪ್ಯೂಟರ್‌ದ್ದರಿ ಮಾವಾರ," ಅಂದ. "ಆ ಕರಿ ಡಬ್ಬಿ ಒಳಗಿಂದು. ನಾವು ವರ್ಷಾ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ, ತುದಿ ತಿಕ್ಕಿ, ಪೂಜಾಕ್ಕ ಇಡ್ತೇವ್ರಿ. ಮಷಿನ್ ಜೀವ ಅದರಾಗ ಇರತೈತಿ. ನಿಮ್ಮದಕ್ಕೂ ಒಂದ ದಿನ ಆರಾಮ ಇರ್ಲಿ ಅಂತ ಮುಂಜಾನೇನ ತಗದೇನಿ. ಯಾಕ್ರಿ, ತಪ್ಪಾತೇನು?"

ಹೋಗಿ, ಪೂಜೆಗಿಡದೆ ಉಳಿದ ಅಡುಗೆಮನೆಯ ಚಾಕುವಿನಿಂದ ಯುಪಿಎಸ್ಸಿನ ತಿರುಪು ಬಿಚ್ಚಿದೆ. ಬಸಣ್ಣ ಟಾರ್ಚು ಹಿಡಿದ. ಒಳಗೆ ಬ್ಯಾಟರಿ ಇರಬೇಕಾದ ಜಾಗ ಖಾಲಿ. ಎರಡು ವೈರುಗಳ ತುದಿಗೆ, ಒಂದಕ್ಕೊಂದು ತಾಗದಿರಲಿ ಎಂದು ಬಸಣ್ಣ ಹಳೆಯ ಸೀರೆಯ ಚೂರು ಸುತ್ತಿದ್ದ. ಕರೆಂಟು ಇನ್ನೂ ಬಂದಿರಲಿಲ್ಲ. ಗುಂಡಿ ಒತ್ತಿದೆ. ಸಪ್ಪಳವಿಲ್ಲ, ದೀಪವಿಲ್ಲ. ಮತ್ತೆ ಮತ್ತೆ ಒತ್ತಿದೆ. ಸತ್ತ ಡಬ್ಬಿ. ಅದು ಹಾಗೇ ಇರಬೇಕು. ಸ್ವಲ್ಪ ಹೊತ್ತಿನ ಹಿಂದೆಯೂ ಹಾಗೇ ಇರಬೇಕಿತ್ತು. ಬಸಣ್ಣ ನನ್ನ ಮುಖ ನೋಡಿ, "ಮಾವಾರ, ನೀರು ಕುಡೀರಿ ಮೊದ್ಲ" ಅಂದ. ನಾನು ಆ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದೆ.

ಬೆಳಗಾದ ಮೇಲೆ ನಾನು ಮತ್ತೆ ಮಾಸ್ತರನಾದೆ. ಪೂಜೆ ಕದಲಿಸಿದ ಕೂಡಲೇ ಮಲ್ಟಿಮೀಟರ್ ತೆಗೆದುಕೊಂಡು ಬ್ಯಾಟರಿಯನ್ನು ಅಳೆದೆ. ತುಂಬಿದ ಕೊಡದ ಹಾಗಿತ್ತು, ಒಂದಿಷ್ಟೂ ಇಳಿದಿರಲಿಲ್ಲ. ಮಂಜುನಾಥ ಬಂದು ಎಲ್ಲ ಕೇಳಿ, "ಬ್ಯಾಟರಿ ಇಲ್ದ ಇದು ಲೈನ್ ಇದ್ದಾಗ ಅಷ್ಟ ಕರೆಂಟ್ ದಾಟಸತೈತ್ರಿ ಸರ್. ಲೈನ್ ಹೋತು, ಇದೂ ಹೋತು. ನಿಮಗ ಗೊತ್ತಿಲ್ಲೇನ್ರಿ?" ಅಂದ. ನನಗೆ ಗೊತ್ತಿತ್ತು. ಇಬ್ಬರೂ ಕೂಡಿ ಬ್ಯಾಟರಿ ಇಲ್ಲದ ಆ ಯುಪಿಎಸ್ಸಿಗೆ ಅವನ ಅಂಗಡಿಯ ಬೇರೆ ಕಂಪ್ಯೂಟರ್ ಜೋಡಿಸಿ ಮೇನ್ ಸ್ವಿಚ್ ಎಳೆದು ನೋಡಿದೆವು. ಎಳೆದ ಕ್ಷಣವೇ ಪರದೆ ಕಪ್ಪಾಯಿತು. ಎಷ್ಟು ಸಲ ಮಾಡಿದರೂ ಅಷ್ಟೇ. ನಮ್ಮ ಹಳೆಯ ಡಿಸ್ಕಂತೂ ಆ ಮಧ್ಯಾಹ್ನದ ನಂತರ ಏಳಲೇ ಇಲ್ಲ.

ಲೈನ್‌ಮನ್‌ನನ್ನು ಕೇಳಿದೆ. ಒಂದು ಫೇಜಿನಲ್ಲಿ ಅರೆಬರೆ ಕರೆಂಟು ಉಳಿದಿದ್ದೀತು ಅಂದ. ಆ ಮಾತಿಗೆ ನಾನು ಕೆಲವು ದಿನ ಜೋತುಬಿದ್ದಿದ್ದು ನಿಜ. ಆದರೆ ಅದೇ ಬೋರ್ಡಿನ ಬಲ್ಬು ಆರಿತ್ತಲ್ಲ. ಕಂಪ್ಯೂಟರ್ ಅರೆಬರೆ ಕರೆಂಟಿನಲ್ಲಿ ಅಷ್ಟು ಹೊತ್ತು ನಡೆಯುವುದೂ ಇಲ್ಲ. ಇನ್ನು ಎಲ್ಲವೂ ನನ್ನ ಭ್ರಮೆ ಅನ್ನೋಣವೆಂದರೆ, ಪೆನ್‌ಡ್ರೈವ್ ಜೇಬಿನಲ್ಲಿತ್ತು. ಟೀಂ ಟೀಂ ಸದ್ದನ್ನು ಒಳಗಿದ್ದ ಸುಮಾ ಕೇಳಿದ್ದಳು, ಅದರಿಂದ ಕೂಸು ಎದ್ದು ಅತ್ತಿತ್ತು. ನಾನು ಯಾರನ್ನೂ ಬಿಡದೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡೆ. ಈ ಸಲ ದೆವ್ವ ಕರಗಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ಮಂಜುನಾಥ ಒಂದು ಸ್ಪೀಕರ್ ತಂದಿಟ್ಟ. "ಏನ್ರೀ, ಇದು ಚಾಲೂ ಆತೇನು?" ಎಂದು ಗಿರಿಜೆಯ ದನಿ ಎದ್ದಾಗ ಮನೆ ತುಂಬ ಕೂತ ಹೆಣ್ಣುಮಕ್ಕಳು ಒಮ್ಮೆಲೇ ಸ್ಪೀಕರಿನ ಕಡೆ ತಿರುಗಿದರು. ಆಮೇಲೆ ಜೋಗುಳ. ಹಾನಗಲ್ಲಿನಿಂದ ಬಂದಿದ್ದ ನನ್ನ ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಿರಿಜೆ ಅಳಲಿಲ್ಲ. ತೊಟ್ಟಿಲ ಹಗ್ಗ ಹಿಡಿದು ತೂಗುತ್ತ ತುಟಿಯನ್ನು ಹಾಡಿಗೆ ಸರಿಯಾಗಿ ಅಲುಗಿಸುತ್ತಿದ್ದಳು. ನೋಡುವವರಿಗೆ ಅವಳೇ ಹಾಡಿದಂತೆ ಇತ್ತು. ನನ್ನ ಜೀವನದಲ್ಲಿ ಅಷ್ಟು ಸಂತೋಷ, ಅಷ್ಟು ಸಂಕಟ ಒಟ್ಟಿಗೇ ಆದ ಗಳಿಗೆ ಇನ್ನೊಂದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಒಂದು ಸೋಜಿಗವೆಂದು ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ನಾನು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟ ಒಂದು ಪಾಠವಿದೆ. ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ. ಒಂದು ಕಡೆ ಬಂದಿತೆಂದರೆ ಇನ್ನೊಂದು ಕಡೆ ಅಷ್ಟು ಕಡಿಮೆಯಾಗಿರಲೇಬೇಕು. ಆ ಮಧ್ಯಾಹ್ನ ನನ್ನ ಕಂಪ್ಯೂಟರು ನಡೆದದ್ದು ನಿಜವಾದರೆ, ಅದನ್ನು ನಡೆಸಿದ್ದು ಎಲ್ಲಿಂದಲೋ ಬಂದಿರಬೇಕು. ಲೈನಿನಿಂದ ಬರಲಿಲ್ಲ. ಬ್ಯಾಟರಿಯಿಂದ ಬರಲಿಲ್ಲ, ಅದು ದೇವರ ಮುಂದೆ ತುಂಬಿಕೊಂಡು ಕೂತಿತ್ತು. ದೇವರು ಕೊಟ್ಟ ಎಂದು ನಂಬುವವರಿಗೆ ನಿದ್ದೆ ಬರುತ್ತದೆ. ನನಗೆ ಆ ದಾರಿ ಇಲ್ಲ.

ಆ ದಿನ ಮಲಗಿದ ಗಿರಿಜೆ ರಾತ್ರಿಯ ಊಟಕ್ಕೂ ಏಳದೆ ಮರುದಿನ ಬಿಸಿಲೇರುವ ತನಕ ನಿದ್ದೆ ಮಾಡಿದಳು. ಹಗಲು ಎಂದೂ ಮಲಗದ ಹೆಂಗಸು. ಎದ್ದಾಗ ಮುಖ ಬಿಳಚಿತ್ತು. ಆಪರೇಷನ್ನಿನ ನಂತರ ನಿಧಾನಕ್ಕೆ ತುಂಬಿಕೊಳ್ಳುತ್ತಿದ್ದ ಮೈ ಅಲ್ಲಿಂದ ಮತ್ತೆ ಇಳಿಯತೊಡಗಿತು. ಹೊಲಿಗೆ ಮಷಿನ್ನಿನ ಮುಂದೆ ಕೂತರೆ ಅರ್ಧ ಕುಪ್ಪಸಕ್ಕೇ ಸಾಕಾಗಿ ಏಳುತ್ತಾಳೆ. ಹುಬ್ಬಳ್ಳಿಯ ಡಾಕ್ಟರು ಪ್ರತಿ ಸಲವೂ ಎಲ್ಲ ಪರೀಕ್ಷೆ ಮಾಡಿಸುತ್ತಾರೆ. ಗಡ್ಡೆ ಮರಳಿ ಬಂದಿಲ್ಲ, ರಕ್ತ ಸರಿಯಿದೆ, ಏನೂ ಇಲ್ಲ ಎನ್ನುತ್ತಾರೆ. ವಯಸ್ಸಾಯಿತಲ್ಲ, ದೊಡ್ಡ ಆಪರೇಷನ್ನಲ್ಲವೇ, ಎನ್ನುತ್ತಾರೆ. ಅದೇ ಸರಿಯಿರಬಹುದು. ಬೇರೆಯವರ ಮನೆಯ ಮಾತಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮೊಮ್ಮಗ ಈಗ ಮಾತು ಕಲಿತಿದ್ದಾನೆ. ಶಿಗ್ಗಾಂವಿಯಿಂದ ಬಂದಾಗಲೆಲ್ಲ ಹಾಡು ಹಚ್ಚು ಎಂದು ಗಂಟುಬೀಳುತ್ತಾನೆ. ಸ್ಪೀಕರಿನ ಆ ದನಿಯನ್ನು "ಪೆಟಿಗಿ ಆಯಿ" ಅನ್ನುತ್ತಾನೆ. ಅದೂ ತನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ ಈ ಆಯಿಯೂ ಒಂದೇ ಎಂದು ಎಷ್ಟು ಹೇಳಿದರೂ ಅವನಿಗೆ ತಿಳಿಯುವುದಿಲ್ಲ. ಗಿರಿಜೆ ನಗುತ್ತಾಳೆ. ಹಾಡು ಮುಗಿಯುವಷ್ಟರಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿರುತ್ತಾಳೆ.

ಅವಳು ಆ ಮಧ್ಯಾಹ್ನ ಅಷ್ಟು ಹೊತ್ತು ಬಾಗಿಲಲ್ಲಿ ಯಾಕೆ ನಿಂತಿದ್ದಳು, ಪರದೆ ನೋಡುತ್ತ ಮನಸ್ಸಿನಲ್ಲಿ ಏನು ಬೇಡಿಕೊಂಡಳು, ಏನನ್ನು ಕೊಡುತ್ತೇನೆಂದಳು, ನನಗೆ ಗೊತ್ತಿಲ್ಲ. ದನಿಯಿಲ್ಲದಿದ್ದರೂ ನಮ್ಮಿಬ್ಬರ ನಡುವೆ ಮಾತಿಗೇನೂ ಕೊರತೆಯಿಲ್ಲ. ಕೇಳಿದರೆ ಕೈಸನ್ನೆಯಲ್ಲಿ ಹೇಳಿಯೇ ಹೇಳುತ್ತಾಳೆ. ಅದಕ್ಕೇ ನಾನು ಇನ್ನೂ ಕೇಳಿಲ್ಲ.